ಓಗೊಡುವ ವಿಳಾಸ

ಆಂಟ್ವರ್ಪಿನಿಂದ ಹಡಗಿನಲ್ಲಿ ಬಂದವು ಆರು ಕರಿಯ ಪೆಟ್ಟಿಗೆ,
ದಾನದ ಚೀಟಿ ಅಂಟಿಸಿಕೊಂಡು.
ಡಾಕಾರಿನ ಸುಂಕದ ಕಟ್ಟೆಯಲ್ಲಿ ಮೂರು ವಾರ ಕೂತು
ಜಿಗಿನ್ಷೋರಿಗೆ ರಾತ್ರಿಯ ಫೆರಿಯಲ್ಲಿ.
ರೇಡಿಯೋದ ದಿಯಾತು ಸಾನೆ ತಲೆಯ ಮೇಲೆ ಹೊತ್ತು ತಂದಳು
ನಮ್ಮಂಗಡಿಗೆ. ಲಾಂದಿಂಗ್ ಬಾಜಿ ಒಂದೊಂದನ್ನೂ
ಕಿವಿಯ ಹತ್ತಿರ ಹಿಡಿದು ಅಲುಗಿಸಿದ,
ಸಂತೆಯಲ್ಲಿ ತೆಂಗಿನಕಾಯಿ ಆರಿಸುವವನಂತೆ.
"ನೀರಿಲ್ಲ," ಅಂದ.

ಮುಚ್ಚಳ ತೆಗೆದೆ. ಎರಡೆರಡು ಗೂಡು, ಎರಡೂ ಖಾಲಿ.
ಡಿಸ್ಕು ಕಿತ್ತುಕೊಂಡೇ ಕಳಿಸಿದ್ದಾರೆ.
ಅಲ್ಲಿಯ ಕಾನೂನಂತೆ: ಯಾರದೋ ಸಂಬಳ, ಯಾರದೋ ಎಕ್ಸ್‌ರೇ
ಪರವೂರು ಸೇರಬಾರದು. ಸರಿಯೇ.
ಮನೆ ಮಾರುವಾಗ ಅಮ್ಮನ ಪೆಟಾರಿಯನ್ನು
ನಾನಾದರೂ ಬಿಟ್ಟುಹೋಗುತ್ತೇನೆಯೆ?
ಆದರೆ ತಿರುಪುಗಳನ್ನೂ ಒಯ್ದಿದ್ದಾರಲ್ಲ,
ಅದು ಬರಿಯ ಜಿಪುಣತನ.

ಈ ಜಾತಿಯ ಪೆಟ್ಟಿಗೆಗೆ ತನ್ನ ಹೆಸರೂ
ಡಿಸ್ಕಿನಲ್ಲೇ ಇರುತ್ತದೆ.
ಡಿಸ್ಕು ಹೋದರೆ ಹೆಸರೂ ಹೋಯಿತು, ಬುದ್ಧಿಯೂ ಹೋಯಿತು.
ಉಳಿಯುವುದು ಒಂದು ಚಿಟಿಕೆಯಷ್ಟು ನೆನಪು,
ಅದರಲ್ಲಿ ಒಂದೇ ಒಂದು ವಿಳಾಸ.
ತಂತಿ ಚುಚ್ಚಿದ ಕೂಡಲೇ ಅದೇ ವಿಳಾಸಕ್ಕೆ ಕೂಗುತ್ತದೆ:
ಇದ್ದೀಯಾ? ಇದ್ದೀಯಾ?
ಆರು ಸಲ ಕೆಂಪು ಮಿಣುಕು, ಸ್ವಲ್ಪ ತಡೆದು
ಮತ್ತೆ ಆರು.

ಡಿಸ್ಕು ಹುಡುಕಿದ್ದು ಸೇಂತ್ ಮಾರ್ ಮಾರುಕಟ್ಟೆಯಲ್ಲಿ,
ಒಣಮೀನಿನ ಸಾಲು ದಾಟಿ, ಹಳೆಯ ಟೀವಿ ಮಾರುವವನ ಹತ್ತಿರ.
ಮುಚ್ಚಿಹೋದ ಹೋಟೆಲೊಂದರ ಕಾವಲು ಕ್ಯಾಮೆರಾದವು.
ಅಳಿಸುವ ಮುನ್ನ ಒಂದನ್ನು ತೆರೆದೆ. ತಪ್ಪೇ ಇರಬಹುದು.
ಹನ್ನೊಂದು ತಿಂಗಳ ಕಾರಿಡಾರು, ಯಾರೂ ನಡೆಯದ್ದು.
ಒಮ್ಮೆ ಒಂದು ಬೆಕ್ಕು. ಒಮ್ಮೆ ಒಬ್ಬ ಹುಡುಗ
ಬಕೆಟ್ಟು ಕೆಳಗಿಟ್ಟು, ಯಾರೂ ಇಲ್ಲವೆಂದು ನೋಡಿ, ಕುಣಿದ.
"ಸೋನಾ, ಅಳಿಸು," ಅಂದ ಲಾಂದಿಂಗ್.
ಅಳಿಸಿದೆ. ಸೊನ್ನೆಯ ಮೇಲೆ ಸೊನ್ನೆ,
ರಾತ್ರಿಯಿಡೀ ಸಗಣಿ ಸಾರಿಸಿದ ಹಾಗೆ.

ಮರುದಿನ ಮೊದಲ ಲೋಟದ ಆತಾಯ, ವಿಷದಷ್ಟು ಕಹಿ.
ಡಿಸ್ಕು ತಳ್ಳಿದೆ; ಟಕ್ಕೆಂದು ಕೂತಿತು.
ಮತ್ತೂ ಆರೇ ಕೆಂಪು.
ಆಗ ಲಾಂದಿಂಗ್ ನನ್ನ ಹಳೆಯ ಲ್ಯಾಪ್‌ಟಾಪಿನ ವಿಳಾಸ ಬದಲಿಸಿದ,
ಪೆಟ್ಟಿಗೆ ಕೂಗುವ ಅದೇ ಅಂಕಿಗಳಿಗೆ.
"ಅದು ಯಾರನ್ನು ಕರೆಯುತ್ತಿದೆ ಅಂತ
ನಮಗೆ ಗೊತ್ತಿಲ್ಲ," ಅಂದ, "ಅದಕ್ಕೂ ಗೊತ್ತಿಲ್ಲ.
ಓ ಅಂದವರೇ ಅವರು."

ನಾವು ಓ ಅಂದೆವು.
ಎರಡು ಫೈಲು, ಚಿಕ್ಕವು, ಇಷ್ಟಿಷ್ಟೇ, ತಂತಿಯಲ್ಲಿ ಹೋದವು,
ಕಾಯಿಲೆಯವರಿಗೆ ಚಮಚದಲ್ಲಿ ಗಂಜಿ ಹೋಗುವಂತೆ.
ಕರೆಂಟು ಹೋಯಿತು. ಬೈದುಕೊಂಡು
ಮೊದಲಿಂದ ಮತ್ತೆ ಹಿಡಿದೆವು.
ಎರಡನೆಯ ಲೋಟ. ಮೂರನೆಯದು, ಬರೀ ಸಕ್ಕರೆ.
ನೀಲಿ ಹತ್ತಿತು.

ಎದ್ದ ಪೆಟ್ಟಿಗೆ ಕೇಳಿದ ಮೊದಲ ಮಾತು ತಾರೀಕು.
ಅದರ ಲೆಕ್ಕದಲ್ಲಿ ಇನ್ನೂ ಸಾವಿರದೊಂಬೈನೂರ ಎಪ್ಪತ್ತು,
ಜನವರಿ ಒಂದು. ಲಾಂದಿಂಗ್ ಹುಟ್ಟಿರಲಿಲ್ಲ,
ನಮ್ಮ ರೇಡಿಯೋವೂ. ಇವತ್ತು ಮಂಗಳವಾರ ಅಂತ ಹೇಳಿಕೊಟ್ಟೆ.

ಆರರಲ್ಲಿ ನಾಲ್ಕು ಎದ್ದವು. ಒಂದರ ಹಲಗೆ ಸುಟ್ಟಿತ್ತು.
ಇನ್ನೊಂದು ಯಾಕೆ ಏಳಲಿಲ್ಲವೋ, ಇವತ್ತಿಗೂ ತಿಳಿಯದು;
ಅದರ ಮೇಲೆ ಈಗ ಟೀ ಲೋಟ ಇಡುತ್ತೇವೆ.

ದಿಯಾತು ಕ್ಯಾಸೆಟ್ಟಿನ ಚೀಲ ತಂದಳು, ಜೋಲಾ ಭಾಷೆಯ
ಇಪ್ಪತ್ತು ವರ್ಷ, ಅರ್ಧಕ್ಕರ್ಧ ಬೂಸ್ಟು ಹಿಡಿದದ್ದು.
ಒಂದನ್ನೇ ಎರಡು ಡಿಸ್ಕಿನಲ್ಲೂ ಬರೆಯುವಂತೆ ಮಾಡಿದ್ದೆವು,
ಒಂದು ಸತ್ತರೆ ಇನ್ನೊಂದು ಹೇಳಲಿ ಎಂದು.
ಯಾವುದನ್ನು ಮೊದಲು? ಹಾಡೇ, ಶಾಂತಿಯ ಮಾತುಕತೆಯೇ,
ಆ ಮುದುಕಿಯ ಒಗಟುಗಳೇ?
ಕೈಗೆ ಸಿಕ್ಕಿದ್ದನ್ನು ಹಾಕಿದಳು.

ಗರಗರ. ಆಮೇಲೆ ಅವಳದೇ ದನಿ, ಎಳೆಯದು:
*ಎಡಗಿವಿ ಹರಿದ ಕರಿ ಮೇಕೆ, ಬಾಜಿಯವರದು,
ಶುಕ್ರವಾರದಿಂದ ಕಾಣುತ್ತಿಲ್ಲ. ಕಂಡವರು ತಿಳಿಸಿ.*

ಲಾಂದಿಂಗ್ ತಿರುಪಿನ ಡಬ್ಬಿ ಮುಚ್ಚಿದ.
"ನಮ್ಮದೇ," ಅಂದ. "ಸಿಗಲಿಲ್ಲ."
ನೀಲಿ ಮಿಣುಕುತ್ತಿತ್ತು, ಬರೆದುಕೊಳ್ಳುತ್ತ,
ಎರಡೂ ಕಡೆ.